ಸೋತವನಿಗೇ ದೊಡ್ಡ ಪಾಲು: ಪೋಕರ್ ರೂಮಿನ ಬ್ಯಾಡ್ ಬೀಟ್ ಜಾಕ್‌ಪಾಟ್ ನಡೆಯುವುದು ಹೇಗೆ?

ಕೊಡಗಿನಲ್ಲಿ ಇಸ್ಪೀಟ್ ಎಲೆ ಮುಟ್ಟದ ಮನೆ ಹುಡುಕುವುದು ಕಷ್ಟ. ಮಳೆ ಹಿಡಿದು ಕರೆಂಟ್ ಹೋದರೆ ರಮ್ಮಿ, ಮದುವೆಯ ಹಿಂದಿನ ರಾತ್ರಿ ಮೂರೆಲೆ, ಕೇರಳದ ಗಡಿ ಕಡೆಗೆ ಹೋದರೆ ಇಪ್ಪತ್ತೆಂಟು. ಪೋಕರ್ ಮಾತ್ರ ನಮ್ಮಲ್ಲಿ ತಡವಾಗಿ ಬಂದ ಆಟ. ಕಾಫಿ ಮಾರಿ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಮಂಗಳೂರಿಗೆ ಇಳಿದು, ಕೊಂಕಣ ರೈಲು ಹತ್ತಿ ಗೋವಾಕ್ಕೆ ಹೋಗುವ ಗುಂಪುಗಳು ಈಗ ಊರೂರಲ್ಲಿ ಇವೆ. ಮಗಳ ಮನೆಗೆಂದು ಅಮೆರಿಕಕ್ಕೆ ಹೋದವರೂ ಲಾಸ್ ವೇಗಸ್‌ಗೆ ಒಂದು ಸುತ್ತು ಹಾಕಿಯೇ ಬರುತ್ತಾರೆ.

ಹೀಗೆ ಹೋದವರು ವಾಪಸ್ ಬಂದು ಕೇಳುವ ಪ್ರಶ್ನೆ ಒಂದೇ. ‘ಪೋಕರ್ ರೂಮಿನ ಗೋಡೆ ಮೇಲೆ ದೊಡ್ಡ ಬೋರ್ಡ್ ಇತ್ತು, ಅದರಲ್ಲಿ ಲಕ್ಷಗಟ್ಟಲೆ ಮೊತ್ತ ಏರ್ತಾ ಇತ್ತು. ಅದು ಯಾರಿಗೆ ಸಿಗುತ್ತೆ?’

ಉತ್ತರ ಕೇಳಿದರೆ ನಗು ಬರುತ್ತದೆ. ಅದು ಮುಖ್ಯವಾಗಿ ಸೋತವನಿಗೆ ಸಿಗುತ್ತದೆ. ಆದರೆ ಸುಮ್ನೆ ಸೋತರೆ ಸಾಲದು. ಯಾರೂ ಸೋಲಬಾರದಂಥ ಎಲೆ ಕೈಯಲ್ಲಿ ಇಟ್ಟುಕೊಂಡು ಸೋಲಬೇಕು. ಅಂಥ ಸೋಲಿಗೆ ಪೋಕರ್‌ನಲ್ಲಿ ಬ್ಯಾಡ್ ಬೀಟ್ ಅನ್ನುತ್ತಾರೆ. ಅದಕ್ಕೆ ಸಮಾಧಾನವಾಗಿ ಸಿಗುವ ದುಡ್ಡೇ ಬ್ಯಾಡ್ ಬೀಟ್ ಜಾಕ್‌ಪಾಟ್.

ಈ ದುಡ್ಡಿನ ಆಸೆಗೆ ಯಾರೂ ಟಿಕೆಟ್ ಬುಕ್ ಮಾಡಬಾರದು ಅನ್ನುವುದು ನನ್ನ ಅಭಿಪ್ರಾಯ. ಹೇಗಿದ್ದರೂ ಹೋಗಿ ಕೂತಿದ್ದೀರಿ ಅಂದರೆ, ನಿಯಮ ಗೊತ್ತಿಲ್ಲದೆ ಕೈಗೆ ಬಂದದ್ದನ್ನು ಬಿಟ್ಟು ಬರುವುದೂ ಬೇಡ. ಅಷ್ಟಕ್ಕೆ ಈ ಲೇಖನ.

ಹೆಜ್ಜೆ 1: ನಮ್ಮ ಆಟದ ಲೆಕ್ಕ ಮರೆತುಬಿಡಿ

ಕ್ಯಾಸಿನೊಗಳಲ್ಲಿ ಜಾಸ್ತಿ ಆಡುವುದು ಟೆಕ್ಸಾಸ್ ಹೋಲ್ಡೆಮ್. ಪ್ರತಿಯೊಬ್ಬರಿಗೂ ಎರಡು ಎಲೆ ಮುಚ್ಚಿ ಕೊಡುತ್ತಾರೆ. ಟೇಬಲ್ ನಡುವೆ ಐದು ಎಲೆ ಎಲ್ಲರಿಗೂ ಕಾಣುವಂತೆ ತೆರೆಯುತ್ತಾರೆ. ಈ ಏಳರಲ್ಲಿ ಒಳ್ಳೆಯ ಐದು ಎಲೆ ನಿಮ್ಮ ಕೈ.

ಮೂರೆಲೆ ಆಡಿ ಬೆಳೆದವರು ಎಡವುವುದು ಇಲ್ಲೇ. ಮೂರೆಲೆಯಲ್ಲಿ ಒಂದೇ ನಂಬರಿನ ಮೂರು ಎಲೆ ಬಂದರೆ ಅದರ ಮೇಲೆ ಬೇರೆ ಕೈ ಇಲ್ಲ. ಒಂದೇ ಜಾತಿಯ ಸಾಲು ಅದರ ಕೆಳಗೆ. ಪೋಕರ್‌ನಲ್ಲಿ ಇದು ತಿರುಗುಮುರುಗು. ಒಂದೇ ನಂಬರಿನ ನಾಲ್ಕು ಎಲೆಗೆ ಕ್ವಾಡ್ಸ್ ಅನ್ನುತ್ತಾರೆ. ಅದನ್ನೂ ಸೋಲಿಸುವುದು ಒಂದೇ ಜಾತಿಯ ಐದು ಎಲೆಯ ಸಾಲು, ಅಂದರೆ ಸ್ಟ್ರೇಟ್ ಫ್ಲಶ್. ಆ ಸಾಲು 10ರಿಂದ ಎಕ್ಕದವರೆಗೆ ಇದ್ದರೆ ರಾಯಲ್ ಫ್ಲಶ್, ಅದಕ್ಕಿಂತ ಮೇಲೆ ಏನೂ ಇಲ್ಲ. ಕ್ವಾಡ್ಸ್ ಕೆಳಗೆ ಬರುವುದು ಫುಲ್ ಹೌಸ್, ಮೂರು ಒಂದು ನಂಬರಿನದು, ಎರಡು ಇನ್ನೊಂದು ನಂಬರಿನದು.

ಇಪ್ಪತ್ತೆಂಟು ಆಡುವವರಿಗೆ ಗುಲಾಮನೇ ದೊರೆ. ಪೋಕರ್‌ನಲ್ಲಿ ಪಾಪ ಅವನು ಎಕ್ಕ, ರಾಜ, ರಾಣಿ ಆದಮೇಲೆ.

ಹೆಜ್ಜೆ 2: ಆ ದುಡ್ಡು ಎಲ್ಲಿಂದ ಬರುತ್ತದೆ ಅಂತ ತಿಳಿದುಕೊಳ್ಳಿ

ಕ್ಯಾಸಿನೊ ತನ್ನ ಜೇಬಿನಿಂದ ಕೊಡುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅಲ್ಲ. ಕೊಡುವವರು ಆಡುವವರೇ.

ಪೋಕರ್‌ನಲ್ಲಿ ನೀವು ಆಡುವುದು ಕ್ಯಾಸಿನೊ ವಿರುದ್ಧ ಅಲ್ಲ, ಪಕ್ಕದಲ್ಲಿ ಕೂತವರ ವಿರುದ್ಧ. ಹಾಗಾಗಿ ಕ್ಯಾಸಿನೊ ಪ್ರತಿ ಪಾಟ್‌ನಿಂದ, ಅಂದರೆ ಆ ಆಟದಲ್ಲಿ ಎಲ್ಲರೂ ನಡುವೆ ಹಾಕಿದ ಬೆಟ್ ದುಡ್ಡಿನಿಂದ, ಒಂದು ಕಮಿಷನ್ ತೆಗೆದುಕೊಳ್ಳುತ್ತದೆ. ಅದಕ್ಕೆ ರೇಕ್ ಅನ್ನುತ್ತಾರೆ. ಜಾಕ್‌ಪಾಟ್ ಇರುವ ರೂಮಿನಲ್ಲಿ ಇದರ ಜೊತೆಗೆ ಇನ್ನೊಂದು ಕಡಿತ ಇರುತ್ತದೆ, ಅದು ಜಾಕ್‌ಪಾಟ್ ಡ್ರಾಪ್. ಪಾಟ್ ಒಂದು ಮಟ್ಟ ದಾಟಿದ ಕೂಡಲೇ ಎಲೆ ಹಂಚುವ ಡೀಲರ್ ಒಂದು ಚಿಪ್ (ದುಡ್ಡಿನ ಬದಲು ಆಡುವ ಬಿಲ್ಲೆ) ಎತ್ತಿ ಬೇರೆ ಸಂದಿಗೆ ಹಾಕುತ್ತಾರೆ. ಡೀಲರ್ ಕೈಯನ್ನೇ ಸ್ವಲ್ಪ ಹೊತ್ತು ಗಮನಿಸಿ. ಹಲವು ಟೇಬಲ್‌ಗಳಲ್ಲಿ ಡೀಲರ್ ಎದುರು ಆ ಕಡೆ ಒಂದು, ಈ ಕಡೆ ಒಂದು ಸಣ್ಣ ಸಂದಿ ಇರುತ್ತದೆ. ಒಂದಕ್ಕೆ ರೇಕ್, ಇನ್ನೊಂದಕ್ಕೆ ಜಾಕ್‌ಪಾಟ್. ಅಮೆರಿಕದ ರೂಮುಗಳಲ್ಲಿ ಈ ಡ್ರಾಪ್ ಸಾಮಾನ್ಯವಾಗಿ ಒಂದು ಅಥವಾ ಎರಡು ಡಾಲರ್.

ನಮ್ಮೂರಿನ ಚೀಟಿ ಇದ್ದ ಹಾಗೆ ಇದು. ಎಲ್ಲರೂ ಸ್ವಲ್ಪ ಸ್ವಲ್ಪ ಹಾಕುತ್ತಾರೆ, ಒಬ್ಬರು ಎತ್ತುತ್ತಾರೆ. ವ್ಯತ್ಯಾಸ ಏನೆಂದರೆ, ಚೀಟಿಯಲ್ಲಿ ಇವತ್ತಲ್ಲ ನಾಳೆ ನಿಮ್ಮ ಸರದಿ ಬರುತ್ತದೆ. ಇಲ್ಲಿ ಆ ಭರವಸೆ ಇಲ್ಲ.

ಒಂದು ಲೆಕ್ಕ ಹಾಕೋಣ, ಮೊತ್ತ ಬರೀ ಉದಾಹರಣೆಗೆ. ಗಂಟೆಗೆ 30 ಸಲ ಎಲೆ ಹಂಚುತ್ತಾರೆ ಅಂತಿಟ್ಟುಕೊಳ್ಳಿ, ನಿಜವಾದ ಟೇಬಲ್‌ನಲ್ಲಿ ಹೆಚ್ಚುಕಡಿಮೆ ಇಷ್ಟೇ ಆಗುವುದು. ಅದರಲ್ಲಿ 20 ಪಾಟ್‌ಗಳಿಂದ 50 ರೂಪಾಯಿ ಡ್ರಾಪ್ ಹೋದರೆ ಒಂದು ಟೇಬಲ್‌ನಿಂದ ಗಂಟೆಗೆ 1,000 ರೂಪಾಯಿ. ಒಂಬತ್ತು ಜನ ಕೂತಿದ್ದರೆ ತಲೆಗೆ 111 ರೂಪಾಯಿ. ರಾತ್ರಿ ಎಂಟು ಗಂಟೆ ಆಡಿದರೆ 900 ರೂಪಾಯಿ ಹತ್ತಿರ. ರೇಕ್ ಬೇರೆ, ಊಟ ಬೇರೆ, ಟಿಪ್ಸ್ ಬೇರೆ.

ಇದು ಎಲ್ಲರಿಗೂ ಸಮನಾಗಿ ಬೀಳುವುದಿಲ್ಲ. ಡ್ರಾಪ್ ಹೋಗುವುದು ಪಾಟ್‌ನಿಂದ, ಅಂದರೆ ಆ ಪಾಟ್ ಗೆದ್ದವನಿಂದ. ಸಣ್ಣ ಸಣ್ಣ ಪಾಟ್ ಪದೇಪದೇ ಗೆಲ್ಲುವವನು ಜಾಸ್ತಿ ಕಟ್ಟುತ್ತಾನೆ. ಎಲೆ ನೋಡಿ ನೋಡಿ ಇಟ್ಟುಬಿಡುವವನು, ಅಂದರೆ ಫೋಲ್ಡ್ ಮಾಡುವವನು, ಕಡಿಮೆ ಕಟ್ಟುತ್ತಾನೆ. ಜಾಕ್‌ಪಾಟ್ ಹೊಡೆದಾಗ ಟೇಬಲ್‌ನಲ್ಲಿ ಕೂತ ಉಳಿದವರಿಗೂ ಒಂದು ಪಾಲು ಇದೆ, ಆ ಟೇಬಲ್ ಪಾಲು ಹಂಚುವಾಗ ಇಬ್ಬರಿಗೂ ಸಿಗುವುದು ಒಂದೇ. ಇದರಲ್ಲಿ ಸ್ವಲ್ಪ ಅನ್ಯಾಯ ಇದೆ ಅಲ್ವಾ?

ಸೇರಿದ ದುಡ್ಡೆಲ್ಲ ಬೋರ್ಡಿನ ಮೊತ್ತಕ್ಕೆ ಹೋಗುವುದೂ ಇಲ್ಲ. ಒಂದು ಭಾಗ ಮುಂದಿನ ಜಾಕ್‌ಪಾಟಿಗೆ ಮೀಸಲು. ಇವತ್ತು ಜಾಕ್‌ಪಾಟ್ ಹೊಡೆದರೂ ನಾಳೆ ಬೋರ್ಡ್ ಸೊನ್ನೆಯಿಂದ ಶುರುವಾಗದೆ ಒಂದು ಮೊತ್ತದಿಂದ ಶುರುವಾಗುವುದು ಈ ಮೀಸಲಿನಿಂದಲೇ. ಕೆಲವು ಕಡೆ ನಿರ್ವಹಣೆ ಖರ್ಚು ಅಂತ ಕ್ಯಾಸಿನೊ ಕೂಡ ಒಂದು ತುಂಡು ಮುರಿದುಕೊಳ್ಳುತ್ತದೆ. ಎಷ್ಟು ಅಂತ ಕೇಳುವುದರಲ್ಲಿ ನಾಚಿಕೆ ಬೇಡ.

ಹೆಜ್ಜೆ 3: ಯಾವ ಸೋಲು ಲೆಕ್ಕಕ್ಕೆ ಬರುತ್ತದೆ ಅಂತ ಓದಿ

ಪ್ರತಿ ರೂಮಿಗೂ ತನ್ನದೇ ನಿಯಮ. ಅದನ್ನು ಅಚ್ಚು ಹಾಕಿ ಗೋಡೆಯಲ್ಲೋ ಕೌಂಟರ್‌ನಲ್ಲೋ ಇಟ್ಟಿರುತ್ತಾರೆ. ಸಾಮಾನ್ಯವಾಗಿ ಕಾಣುವುದು ಎರಡು ಬಗೆ. ಒಂದು, ಸೋತ ಕೈ ಕನಿಷ್ಠ 8ರ ಕ್ವಾಡ್ಸ್ ಇರಬೇಕು. ಇನ್ನೊಂದು, ಸೋತ ಕೈ ಮೂರು ಎಕ್ಕ, ಎರಡು ಹತ್ತರ ಫುಲ್ ಹೌಸ್ ಅಥವಾ ಅದಕ್ಕಿಂತ ಮೇಲಿರಬೇಕು. ಎರಡನೆಯದು ಸುಲಭ, ಬೇಗ ಹೊಡೆಯುತ್ತದೆ, ಹಾಗಾಗಿ ಮೊತ್ತ ಚಿಕ್ಕದು. ಕೆಲವು ರೂಮುಗಳು ತಿಂಗಳುಗಟ್ಟಲೆ ಯಾರಿಗೂ ಹೊಡೆಯದಿದ್ದರೆ ಮಟ್ಟವನ್ನು ಒಂದೊಂದೇ ಮೆಟ್ಟಿಲು ಕೆಳಗಿಳಿಸುತ್ತವೆ. ಹೋದ ಸಲ ಓದಿದ ನಿಯಮವೇ ಈ ಸಲವೂ ಇದೆ ಅಂತ ಕೂರಬೇಡಿ.

ಈಗ ಮನೆಯಲ್ಲಿರುವ ಪ್ಯಾಕ್ ತೆಗೆಯಿರಿ. ಹಾಸಿ ನೋಡಿದರೆ ಮಾತ್ರ ಇದು ತಲೆಗೆ ಹೋಗುವುದು.

ನಡುವೆ ಐದು ಎಲೆ ಇಡಿ: ಆಟಿನ್ 8, ಇಸ್ಪೇಟ್ 8, ಆಟಿನ್ 9, ಆಟಿನ್ 10, ಕಲಾವರ್ 2. ನಿಮ್ಮ ಕೈಗೆ ಡೈಮಂಡ್ 8 ಮತ್ತು ಕಲಾವರ್ 8. ನಾಲ್ಕು ಎಂಟು, ಕ್ವಾಡ್ಸ್. ಮನಸ್ಸಿನಲ್ಲೇ ಪಾಟ್ ಎಣಿಸಿ ಆಗಿರುತ್ತದೆ. ಎದುರಿನವನಿಗೆ ಆಟಿನ್ ಗುಲಾಮ ಮತ್ತು ಆಟಿನ್ ರಾಣಿ ಕೊಡಿ. ಅವನದು ಆಟಿನ್‌ನಲ್ಲಿ 8, 9, 10, ಗುಲಾಮ, ರಾಣಿ. ಸ್ಟ್ರೇಟ್ ಫ್ಲಶ್. ನೀವು ಸೋತಿರಿ. ಇಬ್ಬರೂ ತಮ್ಮ ಕೈಯ ಎರಡೂ ಎಲೆ ಬಳಸಿದ್ದೀರಿ. 8ರ ಕ್ವಾಡ್ಸ್ ನಿಯಮ ಇರುವ ರೂಮಿನಲ್ಲಿ ಇದು ಜಾಕ್‌ಪಾಟ್.

ಈಗ ಒಂದೇ ಎಲೆ ಬದಲಾಯಿಸಿ. ನಡುವಿನ ಕಲಾವರ್ 2 ತೆಗೆದು ಅಲ್ಲಿ ಆಟಿನ್ ಗುಲಾಮನನ್ನು ಇಡಿ. ಎದುರಿನವನ ಕೈಯಲ್ಲಿ ಆಟಿನ್ ರಾಣಿ ಮತ್ತು ಇಸ್ಪೇಟ್ ರಾಜ ಇರಲಿ. ಅವನ ಸಾಲು ಅದೇ, ನಿಮ್ಮ ಸೋಲೂ ಅದೇ. ಆದರೆ ಅವನ ಐದು ಎಲೆಯಲ್ಲಿ ಅವನ ಕೈಯಿಂದ ಬಂದದ್ದು ರಾಣಿ ಒಂದೇ. ಇಸ್ಪೇಟ್ ರಾಜನಿಗೆ ಕೆಲಸವೇ ಇಲ್ಲ. ‘ಇಬ್ಬರ ಎರಡೂ ಎಲೆ ಆಡಿರಬೇಕು’ ಅನ್ನುವ ನಿಯಮ ಇದ್ದರೆ, ಜಾಸ್ತಿ ರೂಮುಗಳಲ್ಲಿ ಇದ್ದೇ ಇರುತ್ತದೆ, ನಿಮಗೆ ಒಂದು ಪೈಸೆಯೂ ಇಲ್ಲ. ಬರೀ ಸೋಲು. ಜಗಳಗಳು ಹುಟ್ಟುವುದು ಹೆಚ್ಚಾಗಿ ಈ ಒಂದು ನಿಯಮದಿಂದಲೇ.

ಇನ್ನೂ ಒಂದು ನೋಡಿ. ನಡುವೆ ಆಟಿನ್ 8, ಇಸ್ಪೇಟ್ 8, ಡೈಮಂಡ್ 8, ಆಟಿನ್ 9, ಆಟಿನ್ 10. ನಿಮ್ಮ ಕೈಯಲ್ಲಿ ಕಲಾವರ್ 8 ಮತ್ತು ಒಂದು ಎಕ್ಕ. ಎದುರಿನವನಿಗೆ ಮತ್ತೆ ಆಟಿನ್ ಗುಲಾಮ, ಆಟಿನ್ ರಾಣಿ. ನಿಮ್ಮದು ನಾಲ್ಕು ಎಂಟು, ಐದನೆಯದು ಎಕ್ಕ. ಎರಡೂ ಎಲೆ ಆಡಿದವು ಅಂತ ನೀವು ಹೇಳಬಹುದು, ಒಪ್ಪುವ ರೂಮುಗಳೂ ಇವೆ. ಆದರೆ ಹಲವು ಕಡೆ ಕ್ವಾಡ್ಸ್ ಆಗಬೇಕಾದದ್ದು ಕೈಗೆ ಬಂದ ಜೋಡಿಯಿಂದಲೇ. ಅಲ್ಲಿ ಇದು ನಡೆಯುವುದಿಲ್ಲ.

ಎಕ್ಕದ ಫುಲ್ ಹೌಸ್ ನಿಯಮಕ್ಕೂ ಒಂದು ಉದಾಹರಣೆ. ನಿಮಗೆ ಎರಡು ಎಕ್ಕ, ಎದುರಿನವನಿಗೆ ಎರಡು ಗುಲಾಮ, ನಡುವೆ ಎಕ್ಕ, ಗುಲಾಮ, ಗುಲಾಮ, 4, 2. ನಿಮ್ಮ ಮೂರು ಎಕ್ಕ ಎರಡು ಗುಲಾಮ ಅವನ ನಾಲ್ಕು ಗುಲಾಮರ ಎದುರು ಸೋಲುತ್ತದೆ. ಇದು ಲೆಕ್ಕಕ್ಕೆ ಬರುತ್ತದೆ. ಗುಲಾಮರ ಜಾಗದಲ್ಲಿ ಒಂಬತ್ತು ಇದ್ದಿದ್ದರೆ ಬರುತ್ತಿರಲಿಲ್ಲ, ಯಾಕಂದರೆ ಮಟ್ಟ ಹತ್ತಕ್ಕೆ ನಿಂತಿದೆ. ಇಂಥ ಕಡೆ ‘ಸೋಲಿಸಿದ ಕೈ ಕ್ವಾಡ್ಸ್ ಅಥವಾ ಮೇಲಿರಬೇಕು’ ಅಂತಲೂ ಸೇರಿಸಿರುತ್ತಾರೆ.

ಸಣ್ಣ ಅಕ್ಷರದಲ್ಲಿ ಇನ್ನೂ ಕೆಲವು ಇರುತ್ತವೆ. ಎಲೆ ಹಂಚಿದಾಗ ಟೇಬಲ್‌ನಲ್ಲಿ ಇಂತಿಷ್ಟು ಜನ ಇರಬೇಕು, ನಾಲ್ಕೋ ಐದೋ. ಪಾಟ್ ಒಂದು ಮೊತ್ತ ಮುಟ್ಟಿರಬೇಕು. ಟೂರ್ನಮೆಂಟ್‌ನಲ್ಲಿ ಸಾಮಾನ್ಯವಾಗಿ ಈ ಜಾಕ್‌ಪಾಟ್ ಇಲ್ಲ, ಚಿಪ್ಸ್‌ಗೆ ನೇರ ದುಡ್ಡಿನ ಬೆಲೆ ಇರುವ ಕ್ಯಾಶ್ ಗೇಮ್‌ಗೆ ಮಾತ್ರ. ಒಮಾಹಾ ಅನ್ನುವ ಇನ್ನೊಂದು ಬಗೆಯ ಪೋಕರ್ ಟೇಬಲ್ ಇದ್ದರೆ ಅದಕ್ಕೆ ಬೇರೆ ನಿಯಮ, ಅಲ್ಲಿ ಕೈಗೆ ನಾಲ್ಕು ಎಲೆ ಬರುವುದರಿಂದ ದೊಡ್ಡ ಕೈಗಳು ಬೇಗ ಕೂಡುತ್ತವೆ. ಇಬ್ಬರು ಒಪ್ಪಿ ನಡುವಿನ ಎಲೆಗಳನ್ನು ಎರಡು ಸಲ ತೆರೆಸುವ ಪದ್ಧತಿ ಇದೆ. ಆಗ ಮೊದಲ ಸಲದ್ದು ಮಾತ್ರ ಲೆಕ್ಕಕ್ಕೋ ಅಥವಾ ಎರಡೂ ಇಲ್ಲವೋ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಹೆಜ್ಜೆ 4: ಎಷ್ಟು ಅಪರೂಪ ಅಂತ ಒಮ್ಮೆ ಲೆಕ್ಕ ಹಾಕಿ

ಕ್ವಾಡ್ಸನ್ನು ಕ್ವಾಡ್ಸ್ ಸೋಲಿಸುವುದನ್ನು ಮೊದಲು ನೋಡೋಣ. ಇಬ್ಬರು ಆಟಗಾರರನ್ನು ತೆಗೆದುಕೊಳ್ಳಿ. ಮೊದಲನೆಯವನಿಗೆ ಜೋಡಿ ಬರುವ ಸಾಧ್ಯತೆ 17ರಲ್ಲಿ 1. ಎರಡನೆಯವನಿಗೆ ಬೇರೆ ನಂಬರಿನ ಜೋಡಿ ಬರುವುದು 1,225ರಲ್ಲಿ 72. ಆಮೇಲೆ ಉಳಿದ 48 ಎಲೆಯಿಂದ ತೆರೆಯುವ ಐದರಲ್ಲಿ ಇಬ್ಬರಿಗೂ ಬೇಕಾದ ಆ ನಾಲ್ಕು ಎಲೆ ಬರಬೇಕು. ಅದು 17,12,304ರಲ್ಲಿ 44. ಗುಣಿಸಿದರೆ ಸುಮಾರು 1 ಕೋಟಿ 12 ಲಕ್ಷಕ್ಕೆ ಒಂದು. ಒಂಬತ್ತು ಜನರ ಟೇಬಲ್‌ನಲ್ಲಿ ಇಂಥ 36 ಜೊತೆಗಳಿವೆ. ಹಾಗಾಗಿ ಕ್ವಾಡ್ಸನ್ನು ಕ್ವಾಡ್ಸ್ ಸೋಲಿಸುವುದು ಸುಮಾರು 3 ಲಕ್ಷದ 13 ಸಾವಿರ ಸಲ ಎಲೆ ಹಂಚಿದಾಗ ಒಮ್ಮೆ.

ಸ್ಟ್ರೇಟ್ ಫ್ಲಶ್ ಕ್ವಾಡ್ಸನ್ನು ಸೋಲಿಸುವುದನ್ನೂ ಸೇರಿಸಿದರೆ ಸಾಧ್ಯತೆ ಎರಡು ಪಟ್ಟಿಗೂ ಮೇಲೆ ಏರುತ್ತದೆ. ಆದರೆ ‘8ರ ಕ್ವಾಡ್ಸ್ ಅಥವಾ ಮೇಲೆ’ ಅನ್ನುವ ನಿಯಮ ಹಾಕಿದ ಕೂಡಲೇ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಕೊನೆಗೆ ನಿಲ್ಲುವುದು ಮತ್ತೆ 3 ಲಕ್ಷದ ಆಸುಪಾಸಿನಲ್ಲೇ.

ಇದೂ ಒಂಬತ್ತೂ ಜನ ಕೊನೆಯ ಎಲೆವರೆಗೆ ನಿಂತರೆ ಬರುವ ಲೆಕ್ಕ. ಯಾರು ಹಾಗೆ ಆಡುತ್ತಾರೆ? ಸಣ್ಣ ಎಲೆ ಇದ್ದವರು ಮೊದಲೇ ಇಟ್ಟುಬಿಡುತ್ತಾರೆ. ನಿಜ ಇದಕ್ಕಿಂತ ಅಪರೂಪ.

ಗಂಟೆಗೆ 30ರಂತೆ 3 ಲಕ್ಷ ಸಲ ಹಂಚಲು ಒಂದು ಟೇಬಲ್‌ಗೆ 10,000 ಗಂಟೆ ಬೇಕು. ದಿನಾ ಎಂಟು ಗಂಟೆ, ಒಂದು ದಿನವೂ ರಜೆ ಇಲ್ಲದೆ ಆಡಿದರೂ ಮೂರು ವರ್ಷ ದಾಟುತ್ತದೆ. ಅದೂ ಟೇಬಲ್‌ಗೆ ಒಮ್ಮೆ, ನಿಮಗೆ ಒಮ್ಮೆ ಅಲ್ಲ. ಮೇಲಿನ ಉದಾಹರಣೆಯಂತೆ ಗಂಟೆಗೆ 1,000 ರೂಪಾಯಿ ಡ್ರಾಪ್ ಆದರೆ ಅಷ್ಟರಲ್ಲಿ ಆಟಗಾರರ ಜೇಬಿನಿಂದ ಹೋಗಿರುವುದು 1 ಕೋಟಿ. ಬೋರ್ಡಿನಲ್ಲಿ 15 ಲಕ್ಷ ಕಂಡು ಬಾಯಿ ಬಿಡುವ ಮೊದಲು ಈ ಮೊತ್ತವನ್ನು ಪಕ್ಕದಲ್ಲಿ ಇಟ್ಟು ನೋಡಿ. ಇಪ್ಪತ್ತು ಮೂವತ್ತು ಟೇಬಲ್ ಓಡುವ ದೊಡ್ಡ ರೂಮಿನಲ್ಲಿ ಆಗಾಗ ಹೊಡೆಯುತ್ತದೆ ನಿಜ. ಆದರೆ ಅಲ್ಲಿ ದುಡ್ಡು ಹಾಕುವ ಕೈಗಳೂ ಅಷ್ಟೇ ಜಾಸ್ತಿ.

ಹೆಜ್ಜೆ 5: ಆ ಗಳಿಗೆ ಬಂದಾಗ ಬಾಯಿ ಮುಚ್ಚಿಕೊಳ್ಳಿ

ನನ್ನ ಕೇಳಿದರೆ ಈ ಲೇಖನದಲ್ಲಿ ಬಾಯಿಪಾಠ ಮಾಡಬೇಕಾದ ಭಾಗ ಇದು.

ಆಟ ನಡೆಯುತ್ತಿರುವಾಗ ಜಾಕ್‌ಪಾಟ್ ಅನ್ನುವ ಶಬ್ದ ಎತ್ತಬೇಡಿ. ನಡುವೆ ಎರಡು ಎಂಟು, ಮೂರು ಆಟಿನ್ ಬಿದ್ದಿದೆ. ಇಬ್ಬರು ಮಾತ್ರ ಉಳಿದಿದ್ದಾರೆ, ಇಬ್ಬರೂ ಬೆಟ್ ಏರಿಸುತ್ತಿದ್ದಾರೆ. ಎಲೆ ಇಟ್ಟುಬಿಟ್ಟ ಮೂರನೆಯವನಿಗೆ ವಾಸನೆ ಹತ್ತುತ್ತದೆ. ಅವನಿಗೂ ಟೇಬಲ್ ಪಾಲು ಇದೆಯಲ್ಲ. ‘ಏಯ್, ಫೋಲ್ಡ್ ಮಾಡ್ಬೇಡ ಕಣೋ, ನಿಲ್ಲು’ ಅಂತ ಬಾಯಿಂದ ಬಂದುಬಿಡುತ್ತದೆ. ಇಷ್ಟು ಸಾಕು. ಆಟದ ಮೇಲೆ ಪ್ರಭಾವ ಬೀರಿದರು ಅಂತ ಫ್ಲೋರ್ ಮ್ಯಾನೇಜರ್, ಅಂದರೆ ರೂಮಿನ ಮೇಲ್ವಿಚಾರಕ, ಇಡೀ ಜಾಕ್‌ಪಾಟ್ ರದ್ದು ಮಾಡಬಹುದು. ಎಲೆ ತೋರಿಸುವುದು, ಕಣ್ಸನ್ನೆ, ‘ಹೊಡೆದರೆ ಹಂಚಿಕೊಳ್ಳೋಣ’ ಅನ್ನುವುದು, ಎಲ್ಲಕ್ಕೂ ಇದೇ ಗತಿ.

ನಮ್ಮವರಿಗೆ ಇನ್ನೊಂದು ಅಪಾಯ ಇದೆ. ಹೊರ ಊರಿನ ಟೇಬಲ್‌ನಲ್ಲಿ ಇಬ್ಬರು ಸ್ನೇಹಿತರು ಒಟ್ಟಿಗೆ ಕೂತರೆ ಕೊಡವ ತಕ್ಕ್‌ನಲ್ಲೋ ಕನ್ನಡದಲ್ಲೋ ಮಾತು ಶುರುವಾಗುತ್ತದೆ. ಎಲೆ ಹಂಚಿದ ಮೇಲೆ ಟೇಬಲ್‌ನಲ್ಲಿ ಒಪ್ಪಿದ ಭಾಷೆ ಬಿಟ್ಟು ಬೇರೆ ಆಡಬಾರದು ಅನ್ನುವ ನಿಯಮ ಬಹಳ ರೂಮುಗಳಲ್ಲಿ ಇದೆ, ಅಮೆರಿಕದಲ್ಲಿ ಇಂಗ್ಲಿಷ್ ಮಾತ್ರ. ನೀವು ಊಟದ ವಿಷಯ ಮಾತಾಡಿದ್ದರೂ ಆಮೇಲೆ ನಂಬಿಸುವುದು ಕಷ್ಟ. ಬೇರೆ ಬೇರೆ ಟೇಬಲ್‌ನಲ್ಲಿ ಕೂತರೆ ರಗಳೆಯೇ ಇಲ್ಲ.

ಕೊನೆವರೆಗೆ ಹೋಗಬೇಕು. ಎಲೆ ತೆರೆದು ತೋರಿಸಿದರೆ ಮಾತ್ರ ಜಾಕ್‌ಪಾಟ್. ಎದುರಿನವನು ಫೋಲ್ಡ್ ಮಾಡಿದರೆ ಕಥೆ ಮುಗಿಯಿತು. ಹಾಗಾಗಿ ನಿಮ್ಮ ಕೈಯೇ ಸೋಲದ ಕೈ ಆಗಿದ್ದರೆ ದೊಡ್ಡ ಬೆಟ್ ಹಾಕಿ ಎದುರಿನವನನ್ನು ಓಡಿಸಬೇಡಿ. ಪಾಟ್‌ನಲ್ಲಿ ಇಪ್ಪತ್ತು ಸಾವಿರ ಹೆಚ್ಚು ಸಿಗಲಿ ಅಂತ ಹೋಗಿ ಲಕ್ಷಗಟ್ಟಲೆ ಬಿಡುವುದು ಜಾಣತನ ಅಲ್ಲ. ನಿಮ್ಮದೇ ಎಲೆ ನೋಡಿ ನೀವೇ ತೀರ್ಮಾನಿಸಿದರೆ ತಪ್ಪಿಲ್ಲ, ಬಾಯಿ ಬಿಟ್ಟರೆ ತಪ್ಪು.

ಸೋತಿರಿ ಅಂತ ಗೊತ್ತಾದ ಕೂಡಲೇ ಸಿಟ್ಟಿನಲ್ಲಿ ಎಲೆ ಎಸೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಕೈಯಿಂದ ಹೋಗಿ ಡೀಲರ್ ಮುಂದಿನ ರಾಶಿಗೆ ಸೇರಿದ ಎಲೆ ಸತ್ತ ಎಲೆ. ನಾಲ್ಕು ಎಂಟು ಇದ್ದವು ಅಂತ ದೇವರ ಮೇಲೆ ಆಣೆ ಮಾಡಿದರೂ ನಡೆಯುವುದಿಲ್ಲ. ಎರಡೂ ಎಲೆ ಮೇಲ್ಮುಖ ಮಾಡಿ ನಿಮ್ಮ ಎದುರೇ ಇಡಿ. ಕೈ ತೆಗೆಯಿರಿ. ಗೆದ್ದವನೂ ಪಾಟ್ ಎಳೆದುಕೊಳ್ಳಬಾರದು.

ಆಮೇಲೆ ಡೀಲರ್ ಕೈ ಎತ್ತಿ ಫ್ಲೋರ್ ಮ್ಯಾನೇಜರ್‌ನನ್ನು ಕರೆಯುತ್ತಾರೆ. ಟೇಬಲ್ ಅಲ್ಲಿಗೆ ನಿಲ್ಲುತ್ತದೆ. ಪ್ಯಾಕ್‌ನಲ್ಲಿ 52 ಎಲೆ ಸರಿಯಾಗಿವೆಯಾ ಅಂತ ಎಣಿಸುತ್ತಾರೆ. ಕ್ಯಾಮೆರಾ ರೂಮಿನವರು ಆ ಆಟವನ್ನು ಮೊದಲಿಂದ ನೋಡುತ್ತಾರೆ. ಯಾರು ಕೂತಿದ್ದರು, ಯಾರಿಗೆ ಎಲೆ ಬಂದಿತ್ತು ಅಂತ ಬರೆದುಕೊಳ್ಳುತ್ತಾರೆ. ಗುರುತಿನ ಚೀಟಿ ಕೇಳುತ್ತಾರೆ. ಇದಕ್ಕೆಲ್ಲ ಸಮಯ ಹಿಡಿಯುತ್ತದೆ. ಬೆಳಗಿನ ಜಾವದ ಬಸ್ ಇದೆ ಅಂತ ಎದ್ದು ಹೊರಡಬೇಡಿ.

ಸಿಗರೇಟ್ ಸೇದಲು ಹೋಗುವವರಿಗೆ ಒಂದು ಮಾತು. ಟೇಬಲ್ ಪಾಲು ಸಿಗುವುದು ಆ ಆಟದಲ್ಲಿ ಎಲೆ ಪಡೆದವರಿಗೆ. ಚಿಪ್ಸ್ ಟೇಬಲ್ ಮೇಲಿತ್ತು, ನಾನು ಬಾಗಿಲ ಹತ್ತಿರ ಇದ್ದೆ ಅಂದರೆ ಹೆಚ್ಚಿನ ಕಡೆ ಕೇಳುವುದಿಲ್ಲ.

ಹೆಜ್ಜೆ 6: ಪಾಲಿನ ಲೆಕ್ಕ

ಬಹಳ ಕಡೆ ಸೋತವನಿಗೆ ಅರ್ಧ, ಗೆದ್ದವನಿಗೆ ಕಾಲು, ಟೇಬಲ್‌ನ ಉಳಿದವರೆಲ್ಲರಿಗೂ ಸೇರಿ ಕಾಲು. ಬೇರೆ ಬೇರೆ ಹಂಚಿಕೆಯೂ ಇದೆ, ಕೆಲವು ಕಡೆ ಪಕ್ಕದ ಟೇಬಲ್‌ನವರಿಗೂ ಸ್ವಲ್ಪ ಸಿಗುತ್ತದೆ. 2022ರ ಆಗಸ್ಟ್‌ನಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ರಿವರ್ಸ್ ಕ್ಯಾಸಿನೊದಲ್ಲಿ ನಾಲ್ಕು ಎಕ್ಕದ ಕೈ ರಾಯಲ್ ಫ್ಲಶ್ ಎದುರು ಸೋತಿತು. ಒಟ್ಟು ಜಾಕ್‌ಪಾಟ್ 12 ಲಕ್ಷ ಡಾಲರ್‌ಗೂ ಮೇಲೆ. ಸೋತವನಿಗೆ ಶೇ. 40, ಅಂದರೆ 4.93 ಲಕ್ಷ ಡಾಲರ್. ಗೆದ್ದವನಿಗೆ ಶೇ. 30, 3.69 ಲಕ್ಷ. ಟೇಬಲ್‌ನಲ್ಲಿ ಸುಮ್ನೆ ಕೂತಿದ್ದ ಉಳಿದವರಿಗೂ ತಲೆಗೆ 50 ಸಾವಿರ ಡಾಲರ್ ದಾಟಿತು.

ನಮ್ಮ ಅಳತೆಯಲ್ಲಿ ಹೇಳುವುದಾದರೆ, 20 ಲಕ್ಷದ ಜಾಕ್‌ಪಾಟ್, ಒಂಬತ್ತು ಜನರ ಟೇಬಲ್. ಸೋತವನಿಗೆ 10 ಲಕ್ಷ, ಗೆದ್ದವನಿಗೆ ಪಾಟ್ ಜೊತೆಗೆ 5 ಲಕ್ಷ, ಉಳಿದ ಏಳು ಜನರಿಗೆ ತಲಾ 71 ಸಾವಿರ ಚಿಲ್ಲರೆ.

ಒಂದು ರೂಮಿನ ಸಣ್ಣ ಬೆಟ್ಟಿನ ಟೇಬಲ್‌ಗೂ ದೊಡ್ಡ ಬೆಟ್ಟಿನ ಟೇಬಲ್‌ಗೂ ಸಾಮಾನ್ಯವಾಗಿ ಜಾಕ್‌ಪಾಟ್ ಒಂದೇ. ಹಾಗಿದ್ದಾಗ ಸಣ್ಣ ಟೇಬಲ್‌ನಲ್ಲಿ, ಅದೂ ಜನ ತುಂಬಿರುವ ಟೇಬಲ್‌ನಲ್ಲಿ ಕೂರುವುದೇ ಮೇಲು. ಅಲ್ಲಿ ಜನ ಫೋಲ್ಡ್ ಮಾಡುವುದೂ ಕಡಿಮೆ.

ಹೆಜ್ಜೆ 7: ತೆರಿಗೆ

ಕಾಫಿ ಹಣ್ಣು, ಕರಿಮೆಣಸು ಮಾರಿದ ದುಡ್ಡು ಕೃಷಿ ಆದಾಯ. ಅದಕ್ಕೆ ಆದಾಯ ತೆರಿಗೆ ಕಟ್ಟಿ ನಮ್ಮಲ್ಲಿ ಹಲವರಿಗೆ ಅಭ್ಯಾಸವೇ ಇಲ್ಲ. ಜಾಕ್‌ಪಾಟ್ ದುಡ್ಡು ಆ ಸಾಲಿಗೆ ಸೇರುವುದಿಲ್ಲ. ಭಾರತದಲ್ಲಿ ಇಸ್ಪೀಟ್ ಆಟದ ಗೆಲುವಿಗೆ ನೇರವಾಗಿ ಶೇ. 30 ತೆರಿಗೆ, ಅದರ ಮೇಲೆ ಶೇ. 4 ಸೆಸ್, ಒಟ್ಟು ಶೇ. 31.2. ಬೇರೆ ಆದಾಯ ಇಲ್ಲ, ಮಿತಿಯೊಳಗಿದ್ದೇನೆ ಅನ್ನುವ ವಿನಾಯಿತಿ ಇದಕ್ಕಿಲ್ಲ. ಹೋಗಿ ಬಂದ ಖರ್ಚು, ಹಿಂದಿನ ರಾತ್ರಿ ಸೋತದ್ದು ಯಾವುದನ್ನೂ ಕಳೆಯುವಂತಿಲ್ಲ. 10,000 ರೂಪಾಯಿ ದಾಟಿದ ಗೆಲುವಿನಲ್ಲಿ ಟಿಡಿಎಸ್ ಮುರಿದುಕೊಂಡೇ ಕೊಡುತ್ತಾರೆ. 10 ಲಕ್ಷ ಬಂದರೆ ತೆರಿಗೆ ಕಳೆದು ಕೈಗೆ ಉಳಿಯುವುದು 6 ಲಕ್ಷ 88 ಸಾವಿರ. ಅಮೆರಿಕದಲ್ಲಿ ಹೊಡೆದರೆ ವಿದೇಶಿಯರಿಂದ ಸಾಮಾನ್ಯವಾಗಿ ಶೇ. 30 ಅಲ್ಲೇ ಹಿಡಿದುಕೊಳ್ಳುತ್ತಾರೆ.

ಸ್ನೇಹಿತರು ಆಮೇಲೆ ಹಂಚಿಕೊಂಡರೂ ತೆರಿಗೆ ಬೀಳುವುದು ಯಾರ ಹೆಸರಿನಲ್ಲಿ ದುಡ್ಡು ಬಂತೋ ಅವರ ತಲೆಗೆ. ಹಂಚುವ ಮೊದಲು ಅದನ್ನು ಕಳೆಯಿರಿ, ಇಲ್ಲದಿದ್ದರೆ ಒಬ್ಬನು ಮೂವರ ತೆರಿಗೆ ಹೊರುತ್ತಾನೆ.

ಗೆಲ್ಲುವ ಮಾತು ಬಿಡಿ, ಆಡಲು ಶುರು ಮಾಡುವಾಗಲೇ ಒಂದು ತೆರಿಗೆ ಇದೆ. 2025ರ ಸೆಪ್ಟೆಂಬರ್ 22ರಿಂದ ಕ್ಯಾಸಿನೊಗಳ ಮೇಲಿನ ಜಿಎಸ್‌ಟಿ ಶೇ. 28ರಿಂದ 40ಕ್ಕೆ ಏರಿದೆ. ಚಿಪ್ಸ್ ಕೊಳ್ಳುವಾಗ ಕೌಂಟರ್‌ನಲ್ಲಿ ಒಟ್ಟು ಎಷ್ಟು ಕೊಟ್ಟರೆ ಎಷ್ಟು ಚಿಪ್ಸ್ ಅಂತ ಕೇಳಿಯೇ ಕಾರ್ಡ್ ಕೊಡಿ.

ಹೆಜ್ಜೆ 8: ಎಲ್ಲಿ ಆಡಬಹುದು, ಎಲ್ಲಿ ಬೇಡ

ಗೋವಾದಲ್ಲಿ 1976ರ ಸಾರ್ವಜನಿಕ ಜೂಜು ಕಾಯ್ದೆಗೆ ಬಂದ ತಿದ್ದುಪಡಿಗಳ ಕೆಳಗೆ ಲೈಸೆನ್ಸ್ ಪಡೆದು ಮಾಂಡೋವಿ ನದಿಯ ಹಡಗುಗಳಲ್ಲಿ ಕ್ಯಾಸಿನೊ ನಡೆಯುತ್ತವೆ. 21 ವರ್ಷ ತುಂಬಿರಬೇಕು. ಎಲ್ಲ ಪೋಕರ್ ರೂಮಿನಲ್ಲೂ ಈ ಜಾಕ್‌ಪಾಟ್ ಇರುವುದಿಲ್ಲ. ಇದ್ದರೂ ಕೆಲವು ತಿಂಗಳು ನಡೆಸಿ ನಿಲ್ಲಿಸುವುದುಂಟು. ಹೊರಡುವ ಮೊದಲು ಫೋನ್ ಮಾಡಿ ಕೇಳಿ.

ನಮ್ಮಲ್ಲಿ ಕ್ಯಾಸಿನೊ ಇಲ್ಲ. ಆದರೆ ವಾರಾಂತ್ಯದಲ್ಲಿ ಹೋಂಸ್ಟೇ ಒಂದರಲ್ಲಿ ಟೇಬಲ್ ಹಾಕಿ, ಪಾಟ್‌ನಿಂದ ಪಾಲು ಎತ್ತಿ, ‘ನಮ್ಮದೂ ಒಂದು ಜಾಕ್‌ಪಾಟ್ ಇದೆ’ ಅಂತ ಕರೆಯುವವರು ಇರಬಹುದು. ಮನೆ ನಡೆಸುವವನು ಹೀಗೆ ದುಡ್ಡಿನ ಆಟದಲ್ಲಿ ಲಾಭ ತೆಗೆದರೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ ಕೆಳಗೆ ಜೂಜು ಅಡ್ಡೆಯ ಕೇಸ್ ಬೀಳಬಹುದು, ಆಡುತ್ತಿದ್ದವರ ಮೇಲೂ. ಅದು ಪಕ್ಕಕ್ಕಿರಲಿ, ಆ ಡಬ್ಬಿಯಲ್ಲಿ ಎಷ್ಟು ಸೇರಿದೆ ಅಂತ ನೋಡಲು ಅಲ್ಲಿ ಕ್ಯಾಮೆರಾ ಇಲ್ಲ, ಲೆಕ್ಕ ಕೇಳುವವರೂ ಇಲ್ಲ.

ಮೊಬೈಲ್ ಆ್ಯಪ್‌ಗಳ ಮಾತು ಇನ್ನೂ ಸ್ಪಷ್ಟ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಪೋಕರ್ ಕೂಡ ಅದರಲ್ಲಿ ಬಂತು. ‘ವಿದೇಶದ ಸರ್ವರ್, ಭಯ ಬೇಡ’ ಅಂತ ಟೆಲಿಗ್ರಾಂನಲ್ಲಿ ಲಿಂಕ್ ಬಂದರೆ, ಅಲ್ಲಿ ಏರುವ ಜಾಕ್‌ಪಾಟ್ ಮೊತ್ತ ಬರೀ ಪರದೆಯ ಮೇಲಿನ ಅಂಕಿ. ಕೊಡದೇ ಹೋದರೆ ಯಾರ ಹತ್ತಿರ ದೂರು ಕೊಡುತ್ತೀರಿ?

ಇನ್ನು ನಿಜವಾಗಿಯೂ ಹೊಡೆದುಬಿಟ್ಟರೆ ಮಾಡಬೇಕಾದ್ದು ಕೆಲವು. ಆಧಾರ್ ಜೊತೆ ಪ್ಯಾನ್ ಕಾರ್ಡ್ ಜೇಬಿನಲ್ಲಿರಲಿ. ದೊಡ್ಡ ಮೊತ್ತವನ್ನು ನಗದಾಗಿ ಕೇಳಬೇಡಿ, ಖಾತೆಗೆ ಹಾಕಿಸಿ. ರಾತ್ರಿ ಬಸ್ಸಿನಲ್ಲಿ ಚೀಲ ಅಪ್ಪಿಕೊಂಡು ಸಂಪಾಜೆ ಘಾಟಿ ಹತ್ತುವ ಸಾಹಸ ಯಾಕೆ? ಜಾಕ್‌ಪಾಟ್ ಮೊತ್ತ, ನಿಮ್ಮ ಪಾಲು, ಮುರಿದ ಟಿಡಿಎಸ್ ಮೂರೂ ಬರೆದಿರುವ ಕಾಗದ ಅಲ್ಲೇ ಕೇಳಿ ಪಡೆಯಿರಿ. ಡೀಲರ್‌ಗೆ ಟಿಪ್ಸ್ ಕೊಡುವುದು ವಾಡಿಕೆ, ಕೊಡಿ. ಊರಿಗೆ ಬಂದ ಮೇಲೆ ಆಡಿಟರ್ ಹತ್ತಿರ ಆ ಕಾಗದ ಕೊಟ್ಟು, ಮುರಿದ ತೆರಿಗೆ ನಿಮ್ಮ ಪ್ಯಾನ್ ಲೆಕ್ಕದಲ್ಲಿ ಬಂದಿದೆಯಾ ನೋಡಿಸಿ. ಬಂದಿಲ್ಲದಿದ್ದರೆ ರಿಟರ್ನ್ಸ್ ಹಾಕುವ ಮೊದಲೇ ಕ್ಯಾಸಿನೊದ ಅಕೌಂಟ್ಸ್ ವಿಭಾಗಕ್ಕೆ ಒಂದು ಮೇಲ್ ಹಾಕಿಸಿ.